ಎಡೆಯ ಮೇಲಿನ ರಷ್ಯನ್ ಸಲಾಡ್

ಸತ್ತ ಮೇಲೂ ಗಂಡಸರ ನಾಲಿಗೆಯ ಚಪಲ ಹೋಗುವುದಿಲ್ಲ ಎಂದು ಗಟ್ಟಿಯಾಗಿ ನಂಬಿದ ಮನೆಗೆ ಪಾಪಮ್ಮ ಸೊಸೆಯಾಗಿ ಬಂದಿದ್ದಳು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ, ಬದುಕಿದ್ದಾಗ ಯಾರು ಏನನ್ನು ತಿಂದು ಕುಡಿದು ಖುಷಿಪಟ್ಟಿದ್ದರೋ ಅದನ್ನೇ ಅವರವರ ಎಲೆಗೆ ಬಡಿಸಬೇಕು. ಮಾವನಿಗೆ ಕಡುಬು, ಹಂದಿ ಸಾರು, ಒಂದು ಕಟ್ಟು ಬೀಡಿ. ಅತ್ತೆಗೆ ಕಳಲೆ ಪಲ್ಯ, ಕೈತುಂಬ ಎಲೆಯಡಿಕೆ. ಬಡಿಸಿ, ಧೂಪ ಹಾಕಿ, ಕೋಣೆಯ ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಬಂದು ಕೂರಬೇಕು. ಒಳಗೆ ಹಿರಿಯರು ಬಂದು ಉಣ್ಣುತ್ತಾರೆ. ಆಮೇಲೆ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆದು, ಮನೆಯ ಹಿರಿ ಗಂಡಸು ಎಡೆಯಿಂದ ಮೊದಲ ತುತ್ತು ತೆಗೆದುಕೊಂಡ ಮೇಲೆ ಉಳಿದವರ ಊಟ. ಅಲ್ಲಿಯವರೆಗೆ ಉಪ್ಪು ನೋಡುವುದಕ್ಕೂ ಯಾರೂ ಬಾಯಿಗೆ ಹಾಕುವಂತಿಲ್ಲ. ಮದುವೆಯಾದಾಗಿನಿಂದ ಪಾಪಮ್ಮ ಇದನ್ನೆಲ್ಲ ಚಾಚೂ ತಪ್ಪದೆ ಮಾಡಿಕೊಂಡು ಬಂದಿದ್ದಳು. ಸಿಟ್ಟು ಬಂದಿದ್ದು ಗಂಡನೂ ಆ ಸಾಲಿಗೆ ಸೇರಿದ ವರ್ಷ.

ಚಂದ್ರಶೇಖರಗೌಡರು ಆ ವರ್ಷದ ಯುಗಾದಿ ಕಳೆದ ಮೇಲೆ, ಮೂಡಿಗೆರೆಯ ಕ್ಲಬ್ಬಿನಲ್ಲಿ ಇಸ್ಪೀಟೆಲೆ ಕೈಯಲ್ಲಿ ಹಿಡಿದುಕೊಂಡೇ ಕುಸಿದು ಹೋಗಿದ್ದರು. ಇದು ಅವರ ಮೊದಲ ಎಡೆ. ಹಬ್ಬದ ಹಿಂದಿನ ದಿನ ಅವರ ತಮ್ಮ ಚನ್ನಕೇಶವ ಚಿಕ್ಕಮಗಳೂರಿನಿಂದ ಬಂದವನು ಕೊಟ್ಟಿಗೆಹಾರದಾಚೆಯ ಈ ಎಸ್ಟೇಟಿನ ಮನೆಗೆ ಕಾಲಿಟ್ಟದ್ದೇ ತಡ, ಅಡುಗೆಮನೆಯ ಬಾಗಿಲಲ್ಲಿ ನಿಂತು ಯಜಮಾನಿಕೆ ಶುರುಮಾಡಿದ. ಅವನ ಕೈಯಲ್ಲಿ ತರಕಾರಿಯ ಚೀಲವಿತ್ತು.

"ಅತ್ತಿಗೆ, ಕೋಳಿ, ರಮ್ಮು, ಸಿಗರೇಟು ಎಲ್ಲ ಸರಿ. ಆದ್ರೆ ರಷ್ಯನ್ ಸಲಾಡ್ ಇಲ್ದೆ ಹೆಂಗೆ? ಅದು ಅಂದ್ರೆ ಅಣ್ಣ ಪ್ರಾಣ ಬಿಡ್ತಿದ್ದ."

ಪ್ರಾಣ ಬಿಟ್ಟಾಗಿದೆಯಲ್ಲ ಎಂಬ ಮಾತು ಪಾಪಮ್ಮನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು. "ಕ್ಲಬ್ಬಿಂದ ತರಿಸಿ ಇಡಿ," ಎಂದಳು.

"ಕೇಳ್ದೆ. ಆ ಹಳೇ ಕುಕ್ಕು ಊರಿಗೆ ಹೋದೋನು ವಾಪಸ್ ಬಂದಿಲ್ವಂತೆ. ಈಗಿನೋನಿಗೆ ಗೋಬಿ ಮಂಚೂರಿ ಬಿಟ್ರೆ ಎಂತದೂ ಬರಲ್ಲ. ನೀವೇ ಮಾಡ್ಬೇಕು. ಒಂದ್ಸಲ ಮಾಡಿದ್ರಲ್ಲ..." ಚನ್ನಕೇಶವ ಮೀಸೆಯೊಳಗೇ ನಕ್ಕ. "ಆವಾಗ ಒಂಚೂರು ಹದ ತಪ್ಪಿತ್ತು. ಈ ಸಲ ಸರಿಯಾಗಿ ಮಾಡಿ. ಸತ್ತೋರ ವಿಷ್ಯ ನೋಡಿ."

ಅಷ್ಟಕ್ಕೇ ನಿಲ್ಲಿಸಿದ್ದರೆ ಬೇರೆ ಮಾತು. ಚೀಲದಿಂದ ಒಂದು ಗಾಜಿನ ಬಾಟಲಿಯನ್ನೂ ತೆಗೆದು ಕಟ್ಟೆಯ ಮೇಲಿಟ್ಟ. ಒಳಗೆ ಬೆಳ್ಳಗೆ ಮೆತ್ತಗಿನದೇನೋ ಇತ್ತು. "ರೆಡಿಮೇಡ್ ಮಯೊನೀಸು. ಬೆಂಗಳೂರಿಂದ ತರ್ಸಿದ್ದು. ನಿಮ್ಮ ಕೈಲಿ ಆಗ್ದಿದ್ರೆ ಇರ್ಲಿ ಅಂತ."

ಪಾಪಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಮಂಗಳೂರಿನಿಂದ ಬಂದಿದ್ದ ಮಗಳು ನಿಖಿತಾ ಅಲ್ಲೇ ಇದ್ದಳು, ಚಿಕ್ಕಪ್ಪನ ಮಾತಿಗೆ ದನಿಗೂಡಿಸಿದಳು.

"ಮಾಡಮ್ಮ, ಪ್ಲೀಸ್. ನನ್ನನ್ನ ಕ್ಲಬ್ಬಿಗೆ ಕರ್ಕೊಂಡು ಹೋದಾಗೆಲ್ಲ ಅಪ್ಪ ಅದನ್ನೇ ತರಿಸ್ತಿದ್ರು. ಅಷ್ಟು ಇಷ್ಟಪಡ್ತಿದ್ರಲ್ಲ, ನೀನು ಆಗಾಗ ಮನೇಲೇ ಮಾಡಿ ಹಾಕ್ಬೋದಿತ್ತು ಅವ್ರಿಗೆ."

ಮೈದುನನ ಮಾತಿಗಿಂತ ಇದು ಹೆಚ್ಚು ಚುಚ್ಚಿತು. ಮಗಳಿಗೆ ಏನೂ ಗೊತ್ತಿಲ್ಲ. ಅದು ನಡೆದಾಗ ಅವಳು ಚಿಕ್ಕಮಗಳೂರಿನ ಹಾಸ್ಟೆಲಿನಲ್ಲಿದ್ದಳು. ಹೇಳಿಕೊಳ್ಳುವಂಥ ವಿಷಯವೆಂದು ಪಾಪಮ್ಮನಿಗೆ ಯಾವತ್ತೂ ಅನ್ನಿಸಿರಲಿಲ್ಲ. "ಆಯ್ತು, ಮಾಡ್ತೀನಿ," ಎಂದು ಮಾತ್ರ ಹೇಳಿ ಒಲೆಯ ಕಡೆ ತಿರುಗಿದಳು.

ನಡೆದದ್ದು ಇಷ್ಟು. ತೊಂಬತ್ನಾಲ್ಕರಲ್ಲಿ ಕಾಫಿಗೆ ಯಾರೂ ಕನಸಿನಲ್ಲೂ ಕಾಣದ ರೇಟು ಬಂತು. ಅಲ್ಲಿಯವರೆಗೆ ಗೌಡರಾಗಿದ್ದವರೆಲ್ಲ ಒಂದೇ ಮಳೆಗಾಲದಲ್ಲಿ ಪ್ಲಾಂಟರುಗಳಾದರು. ಚಂದ್ರಶೇಖರಗೌಡರಿಗೆ ಜೀಪಿನ ಜೊತೆಗೊಂದು ಕಾರು ಬಂತು, ಪಂಚೆಯ ಜಾಗಕ್ಕೆ ಪ್ಯಾಂಟು ಬಂತು, ಕ್ಲಬ್ಬಿನ ಮೆಂಬರ್‌ಶಿಪ್ಪು ಬಂತು. ಅದರ ಹಿಂದೆಯೇ ರಷ್ಯನ್ ಸಲಾಡೂ ಬಂತು. ಮೊದಲ ದಿನ ಅದನ್ನು ತಿಂದು ಬಂದವರು ಜಗಲಿಯಲ್ಲಿ ಬೂಟು ಬಿಚ್ಚುತ್ತಲೇ ವರ್ಣಿಸಲು ಹಿಡಿದರು. ಆಲೂಗಡ್ಡೆಯಂತೆ, ಕ್ಯಾರೆಟ್ಟಂತೆ, ಬಟಾಣಿಯಂತೆ, ಮೇಲೆ ಬೆಣ್ಣೆಯಂಥದೇನೋ ಅಂತೆ, ತಣ್ಣಗೆ ಬಾಯಲ್ಲಿಟ್ಟರೆ ಕರಗುತ್ತದಂತೆ. "ನಮ್ಮ ಕಾಫಿ ಕೊಳ್ಳೋ ಜನದ ಊಟ ಮಾರಾಯ್ತಿ ಅದು. ನಿನ್ನ ಅಕ್ಕಿರೊಟ್ಟಿ ಕೆಸುವಿನ ಸೊಪ್ಪಿನ ಥರ ಅಲ್ಲ."

ಆಮೇಲೆ ಒಂದು ಭಾನುವಾರ ಮನೆಗೆ ಕ್ಲಬ್ಬಿನ ಸ್ನೇಹಿತರನ್ನು ಊಟಕ್ಕೆ ಕರೆದರು. ರಷ್ಯನ್ ಸಲಾಡ್ ಆಗಲೇಬೇಕೆಂದು ಅಪ್ಪಣೆಯಾಯಿತು. ಪಾಪಮ್ಮ ಮೂಡಿಗೆರೆಗೆ ಹೋಗಿ, ಕಾನ್ವೆಂಟಿನಲ್ಲಿ ಓದಿದ್ದ ಪ್ಲಾಂಟರ ಹೆಂಡತಿ ಪ್ರೇಮಕುಮಾರಿಯ ಅಡುಗೆಮನೆಯಲ್ಲಿ ಮಧ್ಯಾಹ್ನವಿಡೀ ನಿಂತು ಕಲಿತು ಬಂದಳು. ತರಕಾರಿಯನ್ನು ಕಾಫಿ ಹಣ್ಣಿನ ಗಾತ್ರಕ್ಕೆ ಹೆಚ್ಚಿಕೊಳ್ಳುವುದು, ಒಂದೊಂದನ್ನೂ ಬೇರೆಬೇರೆಯಾಗಿ ಬೇಯಿಸುವುದು, ಮೊಟ್ಟೆಯ ಹಳದಿಗೆ ಎಣ್ಣೆಯನ್ನು ಹನಿಹನಿಯಾಗಿ ಬಿಡುತ್ತ ಗಟ್ಟಿಯಾಗುವವರೆಗೆ ಕಡೆಯುವುದು, ಇವಿಷ್ಟೂ ಬಂದವು. ವಿನಿಗರ್ ಮಾತ್ರ ಮನೆಯಲ್ಲಿರಲಿಲ್ಲ. ಹಿತ್ತಲಿನ ಹೆರಳೆಕಾಯಿ ಕಿತ್ತು ಹಿಂಡಿದಳು. ಪಲ್ಯಕ್ಕೆ, ಚಿತ್ರಾನ್ನಕ್ಕೆ ಅದನ್ನೇ ಹಿಂಡಿ ಅಭ್ಯಾಸವಿದ್ದ ಕೈ, ಎರಡನೇ ಯೋಚನೆ ಮಾಡಲಿಲ್ಲ.

ಅತಿಥಿಗಳ ಎದುರಿಗೆ ಚಂದ್ರಶೇಖರಗೌಡರು ಒಂದು ಚಮಚ ಬಾಯಿಗಿಟ್ಟುಕೊಂಡರು. ಚಮಚ ಕೆಳಗಿಟ್ಟರು. "ಏನೇ ಇದು, ಹೆರಳೆಕಾಯಿ ವಾಸನೆ! ಇದೇನು ಸಲಾಡೋ ಬಾಣಂತಿ ಪಥ್ಯವೋ?" ಎಂದರು. ಎಲ್ಲರೂ ನಕ್ಕರು. ನಗು ಸಿಕ್ಕಿದ ಮೇಲೆ ಗೌಡರನ್ನು ಹಿಡಿಯುವವರುಂಟೇ! ಸಲಾಡಿನ ದೊಡ್ಡ ಬಟ್ಟಲನ್ನೇ ಎತ್ತಿಕೊಂಡು ಜಗಲಿಗೆ ಹೋಗಿ ನಾಯಿಯನ್ನು ಕರೆದರು. "ಬಾ ಟೈಗರ್, ನಿಮ್ಮಮ್ಮ ರಷ್ಯಾದಿಂದ ತರ್ಸಿದ್ದಾಳೆ." ಟೈಗರ್ ಬಾಲ ಅಲ್ಲಾಡಿಸಿಕೊಂಡು ಬಟ್ಟಲು ಉರುಳುವವರೆಗೂ ನೆಕ್ಕಿತು. "ನಾಯಿಗೇ ಸರಿ ನೋಡ್ರೋ ಇದು," ಎಂದು ನಕ್ಕವರ ಸಾಲಿನಲ್ಲಿ ಚನ್ನಕೇಶವನೂ ಇದ್ದ, ಪಕ್ಕದ ಎಸ್ಟೇಟಿನ ಚೌಡಯ್ಯನೂ ಇದ್ದ. ಪಾಪಮ್ಮ ಬಾಗಿಲ ಹಿಂದೆ ನಿಂತಿದ್ದಳು.

ಅವಮಾನವನ್ನು ಅವಳು ಹೇಗೋ ಅರಗಿಸಿಕೊಂಡಿದ್ದಳು. ಅರಗದೆ ಉಳಿದದ್ದು ಇನ್ನೊಂದಿತ್ತು. ಗಂಡಸರ ಊಟವಾದ ಮೇಲೆ ಹೆಂಗಸರ ಊಟ ಎನ್ನುವ ಮನೆಯಲ್ಲಿ, ಅವಳ ಪಾಲಿಗೆ ಉಳಿಯಬೇಕಾಗಿದ್ದದ್ದು ನಾಯಿಯ ಹೊಟ್ಟೆ ಸೇರಿತ್ತು. ತಾನು ಮಾಡಿದ್ದರ ರುಚಿಯನ್ನು ಅವಳು ನೋಡಿರಲೇ ಇಲ್ಲ. ಅದು ನಿಜವಾಗಿಯೂ ಕೆಟ್ಟಿತ್ತೋ, ಇಲ್ಲವೋ? ಹತ್ತು ವರ್ಷವಾದರೂ ಅವಳಿಗೆ ಗೊತ್ತಿಲ್ಲ. ಕೆಟ್ಟಿತ್ತು ಎಂದು ಗೊತ್ತಾಗಿದ್ದರೆ ಸುಮ್ಮನಾಗುತ್ತಿದ್ದಳು. ಚೆನ್ನಾಗಿತ್ತು ಎಂದು ಗೊತ್ತಾಗಿದ್ದರೆ ಗಂಡನ ಮುಖಕ್ಕೆ ಹೇಳುತ್ತಿದ್ದಳು. ಎರಡೂ ಆಗದೆ, ಗೌಡರು ಪ್ರತಿ ಸಲ ಕ್ಲಬ್ಬಿನಿಂದ ಬಂದು "ಇವತ್ತಿನ ಸಲಾಡು..." ಎಂದು ಬಾಯಿ ಚಪ್ಪರಿಸಿದಾಗಲೂ ತಲೆ ತಗ್ಗಿಸಿ ನೀರಿನ ಚೊಂಬು ಕೊಟ್ಟಿದ್ದಳು.

ಈಗ ಮತ್ತೆ ಅದನ್ನೇ ಮಾಡಬೇಕು. ಈ ಸಲವೂ ರುಚಿ ನೋಡುವಂತಿಲ್ಲ. ಸತ್ತವರು ಮೊದಲು ತಿನ್ನಬೇಕು, ಆಮೇಲೆ ಚನ್ನಕೇಶವ ತಿಂದು ತೀರ್ಪು ಕೊಡಬೇಕು. ಅವಳ ತಟ್ಟೆಗೆ ಬರುವ ಹೊತ್ತಿಗೆ ಹೆಸರು ಇಟ್ಟಾಗಿರುತ್ತದೆ.

ಅಮಾವಾಸ್ಯೆಯ ಬೆಳಿಗ್ಗೆ ಪಾಪಮ್ಮ ತಲೆಗೆ ಸ್ನಾನ ಮಾಡಿ ಅಡುಗೆಗೆ ಇಳಿದಳು. ಕೋಳಿ ಸಾರನ್ನೂ ಕಡುಬನ್ನೂ ಕೆಲಸದ ಬಸಮ್ಮನಿಗೆ ಒಪ್ಪಿಸಿ, ತಾನು ಆಲೂಗಡ್ಡೆಯ ಮುಂದೆ ಕೂತಳು. ಬೆಂದ ಆಲೂಗಡ್ಡೆಯ ಸಿಪ್ಪೆ ಕಿತ್ತ ಪರಿ ನೋಡಿ ಬಸಮ್ಮ, "ಅಮ್ಮಾವ್ರೆ, ಕೈ ಸುಟ್ಕೊಳ್ತೀರಿ, ಆರ್ಲಿ," ಎಂದಳು. ಆರುವುದಕ್ಕೆಲ್ಲ ಪಾಪಮ್ಮನಿಗೆ ತಾಳ್ಮೆ ಇರಲಿಲ್ಲ. ಕ್ಯಾರೆಟ್ಟು, ಬೀನ್ಸು, ಹಿಂದಿನ ದಿನವೇ ನೆನೆಸಿದ್ದ ಬಟಾಣಿ, ಒಂದೊಂದೂ ಮೆತ್ತಗಾಗುವ ಮೊದಲೇ ನೀರಿನಿಂದ ತೆಗೆದು ಬಟ್ಟೆಯ ಮೇಲೆ ಹರವಿದಳು. ಚೂರಿ ಮಣೆಯ ಮೇಲೆ ಬೀಳುವ ಸದ್ದು ಜಗಲಿಗೂ ಕೇಳುತ್ತಿತ್ತು.

ಮೊಟ್ಟೆಯ ಹಳದಿಗೆ ಉಪ್ಪು, ಸಾಸಿವೆ ಪುಡಿ ಹಾಕಿ ಕಡೆಯಲು ಶುರುಮಾಡಿದಾಗ ಅವಳ ಕಣ್ಣಿಗೆ ಕಟ್ಟೆಯ ಮೇಲಿದ್ದ ಬಾಟಲಿ ಬಿತ್ತು. ಕೈಲಾಗದಿದ್ದರೆ ಇರಲಿ ಅಂತೆ! ಆ ನೆನಪಿಗೇ ಎಣ್ಣೆಯ ಪಾತ್ರೆ ಕೈಯಲ್ಲಿ ಬಗ್ಗಿತು. ಹನಿಯಾಗಿ ಬೀಳಬೇಕಾದದ್ದು ಧಾರೆಯಾಗಿ ಸುರಿಯಿತು. ಗಟ್ಟಿಯಾಗುತ್ತಿದ್ದದ್ದು ನೋಡುನೋಡುತ್ತ ಒಡೆದು, ಎಣ್ಣೆ ಬೇರೆ ಹಳದಿ ಬೇರೆಯಾಗಿ ಬಟ್ಟಲ ತಳದಲ್ಲಿ ನಿಂತಿತು.

ಪಾಪಮ್ಮನಿಗೆ ಅಳು ಬರಲಿಲ್ಲ, ಇನ್ನೂ ಸಿಟ್ಟು ಬಂತು. ಎಂಥ ಅಡುಗೆ ಇದು, ಇದರ ಎದುರು ಸಿಟ್ಟು ಮಾಡಿಕೊಳ್ಳುವ ಸ್ವಾತಂತ್ರ್ಯವೂ ತನಗಿಲ್ಲವೇ! ರೊಟ್ಟಿ ಹಿಟ್ಟನ್ನಾದರೆ ಗುದ್ದಬಹುದು, ಮಸಾಲೆಯನ್ನಾದರೆ ಕಲ್ಲಿನ ಮೇಲೆ ಜಜ್ಜಬಹುದು. ಇದು ಮಾತ್ರ ಮೆಲ್ಲಗೆ, ಮೆಲ್ಲಗೆ ಎನ್ನುತ್ತದೆ. ಇಷ್ಟು ವರ್ಷ ಮೆಲ್ಲಗಿದ್ದದ್ದು ಸಾಲದೇ ಎಂದು ಬಟ್ಟಲನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಎಸೆದರೆ ಚನ್ನಕೇಶವ ಬಂದು ಬಾಟಲಿಯ ಮುಚ್ಚಳ ತೆಗೆಯುತ್ತಾನೆ. ಅದೊಂದು ಆಗಕೂಡದು.

ಪ್ರೇಮಕುಮಾರಿ ಹೇಳಿಕೊಟ್ಟದ್ದು ನೆನಪಾಯಿತು. ಬೇರೆ ಬಟ್ಟಲಿಗೆ ಹೊಸ ಹಳದಿ ಹಾಕಿಕೊಂಡು, ಒಡೆದದ್ದನ್ನೇ ಚಮಚ ಚಮಚವಾಗಿ ಅದಕ್ಕೆ ಬಿಡುತ್ತ ಕಡೆದಳು. ಸಿಟ್ಟು ಹೋಗಲಿಲ್ಲ. ತೋಳಿನಿಂದ ಇಳಿದು ಮಣಿಕಟ್ಟಿನಲ್ಲಿ ಕೂತು ಒಂದೇ ಸಮ ತಿರುಗತೊಡಗಿತು. ಬೆಳ್ಳಗೆ, ದಪ್ಪಗೆ, ಚಮಚ ನಿಲ್ಲುವಷ್ಟು ಗಟ್ಟಿಯಾಗಿ ಅದು ಕೂಡಿಕೊಂಡಿತು. ಆಗ ಹುಳಿಯ ಸರದಿ. ಈಗ ಮನೆಯಲ್ಲಿ ವಿನಿಗರ್ ಇತ್ತು, ಚನ್ನಕೇಶವನ ಚೀಲದಲ್ಲೇ ಬಂದಿತ್ತು. ಪಾಪಮ್ಮ ಅದನ್ನು ಪಕ್ಕಕ್ಕೆ ಸರಿಸಿ, ಹಿತ್ತಲಿಗೆ ಹೋಗಿ ಹೆರಳೆಕಾಯಿ ಕಿತ್ತು ತಂದಳು. ಈ ಸಲ ಅದು ಅಭ್ಯಾಸಬಲದಿಂದ ಆದದ್ದಲ್ಲ. ಬೇಕೆಂದೇ ಹಿಂಡಿದಳು, ಮೊದಲಿಗಿಂತ ಒಂದು ಹೋಳು ಹೆಚ್ಚೇ.

ಚಂದ್ರಶೇಖರಗೌಡರು ಕೂತು ಪೇಪರ್ ಓದುತ್ತಿದ್ದ ಕೋಣೆಯಲ್ಲೇ ಎಡೆ. ಆ ಕೋಣೆಗೆ ನಡುಮನೆಯಿಂದ ಒಂದು ಬಾಗಿಲು, ಅಡುಗೆಮನೆಯಿಂದ ಇನ್ನೊಂದು. ಕೂತಲ್ಲಿಗೇ ಬಿಸಿ ಕಾಫಿ ಬರಲಿ ಎಂದು ಗೌಡರೇ ಗೋಡೆ ಒಡೆಸಿ ಇಡಿಸಿದ ಬಾಗಿಲು ಅದು. ಫೋಟೋಗೆ ಹಾರ ಹಾಕಿ, ಹೊಸ ಪಂಚೆ ಶರಟು ಮಡಿಸಿಟ್ಟು, ಅತ್ತೆ ಮಾವನ ಎಲೆಗಳ ಪಕ್ಕ ಗೌಡರ ಎಲೆಯ ಮೇಲೆ ಕಡುಬು, ಕೋಳಿ ಸಾರು, ಪಕ್ಕದಲ್ಲಿ ರಮ್ಮಿನ ಗ್ಲಾಸು, ಸಿಗರೇಟು ಪ್ಯಾಕು, ಒಂದು ಕಟ್ಟು ಇಸ್ಪೀಟು ಇಟ್ಟರು. ಮಧ್ಯದಲ್ಲಿ ಪಿಂಗಾಣಿ ಬಟ್ಟಲಿನಲ್ಲಿ ರಷ್ಯನ್ ಸಲಾಡ್. ಚನ್ನಕೇಶವ ಮೂಗು ಹತ್ತಿರ ತಂದು ನೋಡಿ ಹುಬ್ಬೇರಿಸಿದ. ಧೂಪದ ಹೊಗೆಯಲ್ಲಿ ಹೆರಳೆಯ ವಾಸನೆ ಗೊತ್ತಾಯಿತೋ ಇಲ್ಲವೋ, ಹಿಂದೆ ಸರಿದ. ಕೈಮುಗಿದು, ಬಾಗಿಲು ಎಳೆದುಕೊಂಡು ಎಲ್ಲರೂ ಜಗಲಿಗೆ ಹೋದರು. ಒಲೆಯ ಮೇಲೆ ಇನ್ನೊಂದು ಒಬ್ಬೆ ಕಡುಬಿದೆ ಎಂದು ಪಾಪಮ್ಮ ಅಡುಗೆಮನೆಯಲ್ಲೇ ಉಳಿದಳು.

ಅಡುಗೆಮನೆಯ ಕಿಟಕಿ ಜಗಲಿಯ ಕೊನೆಗೆ ತೆರೆದುಕೊಳ್ಳುತ್ತದೆ. ಹೊರಗೆ ಕುರ್ಚಿ ಎಳೆದ ಸದ್ದು, ಆಮೇಲೆ ಎಡೆಗೆಂದು ಬಂದಿದ್ದ ಚೌಡಯ್ಯನ ದನಿ ಕೇಳಿತು.

"ಸಲಾಡ್ ಅತ್ತಿಗೇನೇ ಮಾಡಿದ್ದಾ? ಹಂಗಾರೆ ಕಷ್ಟ ಮಾರಾಯ. ಈಗ ಟೈಗರ್ ಬೇರೆ ಇಲ್ಲ. ಉಳಿದ್ರೆ ಯಾರಿಗೆ ಹಾಕೋದು?"

ನಗು ಕೇಳಿತು. "ಎಂತ ಟೈಗರ್?" ಎಂದು ನಿಖಿತಾ ಕೇಳಿದ್ದೂ ಕೇಳಿತು. ಚನ್ನಕೇಶವ ಕಥೆ ಹೇಳಲು ಶುರುಮಾಡಿದ. ಅಣ್ಣನ ದನಿಯನ್ನು ಅನುಕರಿಸುತ್ತ, ಬಾಣಂತಿ ಪಥ್ಯದ ಮಾತನ್ನೂ ಬಿಡದೆ, ನಾಯಿ ನೆಕ್ಕಿದ್ದನ್ನು ನಾಲಿಗೆ ಹೊರಚಾಚಿ ತೋರಿಸುತ್ತಿದ್ದಿರಬೇಕು, ನಡುನಡುವೆ ನಗು ಉಕ್ಕುತ್ತಿತ್ತು. ಪಾಪಮ್ಮನ ಮಗಳಿಗೆ, ಪಾಪಮ್ಮನ ಮನೆಯ ಜಗಲಿಯಲ್ಲಿ, ಅವಳು ಬೆಳಿಗ್ಗೆಯಿಂದ ಉಪವಾಸವಿದ್ದು ಅಡುಗೆ ಮಾಡಿದ ದಿನ. ಮಗಳು ನಕ್ಕಳೋ ಇಲ್ಲವೋ ಕೇಳಿಸಲಿಲ್ಲ.

ಪಾಪಮ್ಮ ಒಲೆ ಆರಿಸಿದಳು. ಚಮಚ ತೆಗೆದುಕೊಂಡಳು. ಕಾಫಿಯ ಬಾಗಿಲನ್ನು ತಳ್ಳಿ ಎಡೆಯ ಕೋಣೆಗೆ ಹೋದಳು.

ಹೊಗೆಯೊಳಗೆ ಗಂಡ ಫೋಟೋದಲ್ಲಿ ಟೈ ಕಟ್ಟಿಕೊಂಡು ಕೂತಿದ್ದರು. ಪಾಪಮ್ಮ ಅವರ ಕುರ್ಚಿಯನ್ನು ಎಳೆದುಕೊಂಡು ಕೂತಳು. ಆ ಕುರ್ಚಿಯ ಮೇಲೆ ಅವಳು ಕೂತದ್ದು ಅದೇ ಮೊದಲು. ಎಲೆಯ ಮೇಲಿನ ಬಟ್ಟಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಒಂದು ಚಮಚ ಬಾಯಿಗಿಟ್ಟಳು.

ತಣ್ಣಗಿತ್ತು. ಆಲೂಗಡ್ಡೆ ಕರಗಿತು, ಬೀನ್ಸು ಹಲ್ಲಿಗೆ ಹದವಾಗಿ ಸಿಕ್ಕಿತು, ಬೆಣ್ಣೆಯಂಥ ನುಣುಪಿನ ಹಿಂದಿನಿಂದ ಹೆರಳೆಯ ಹುಳಿ ಬಂದು ನಾಲಿಗೆಯನ್ನು ಎಬ್ಬಿಸಿತು. ಪಾಪಮ್ಮ ಇನ್ನೊಂದು ಚಮಚ ತಿಂದಳು, ಖಾತ್ರಿ ಮಾಡಿಕೊಳ್ಳಲು. ಒಂದು ಲೇಡೀಸ್ ಡೇಗೆ ಗಂಡನ ಜೊತೆ ಹೋದಾಗ ಕ್ಲಬ್ಬಿನ ಸಲಾಡನ್ನೂ ಅವಳು ತಿಂದಿದ್ದಳು. ಸಿಹಿ ಸಿಹಿ, ಬಾಯಿಗೆ ಅಂಟುವ ಪೇಸ್ಟು ಅದು. ಅದಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಆವತ್ತಿನದೂ ಇದೇ ಕೈ, ಇದೇ ಹುಳಿ. ಆವತ್ತಿನದೂ ಚೆನ್ನಾಗಿತ್ತು. ಗಂಡನಿಗೆ ಗೊತ್ತಾಗಿತ್ತೋ, ನಾಲ್ಕು ಜನರ ನಗುವಿಗಾಗಿ ಸುಳ್ಳು ಹೇಳಿದರೋ ಅವರಿಗೇ ಗೊತ್ತು. ಹತ್ತು ವರ್ಷ! ಹತ್ತು ವರ್ಷ ಅವಳು ತನ್ನ ಕೈಯನ್ನೇ ಅನುಮಾನಿಸಿದ್ದಳು. ಪಾಪಮ್ಮನ ಕಣ್ಣಲ್ಲಿ ಈಗ ನೀರು ಬಂತು. ಅದು ದುಃಖದ್ದಲ್ಲ. ಫೋಟೋವನ್ನು ದಿಟ್ಟಿಸಿ ನೋಡುತ್ತ, ಬಟ್ಟಲ ಗೋಡೆಗಂಟಿದ್ದನ್ನೂ ಬಿಡದೆ ತಿಂದು ಮುಗಿಸಿ, ಬಟ್ಟಲನ್ನು ಇದ್ದಲ್ಲೇ ಇಟ್ಟು ಅಡುಗೆಮನೆಗೆ ಬಂದಳು.

ಚನ್ನಕೇಶವ ಕೆಮ್ಮಿದ. ನಡುಮನೆಯ ಬಾಗಿಲು ತೆರೆಯಿತು. ಆಮೇಲೆ ಅವನು ಕೂಗಿಕೊಂಡದ್ದು ಕೇಳಿ ಮನೆಯವರೆಲ್ಲ ನುಗ್ಗಿದರು.

"ಅಣ್ಣ ಬಂದಿದ್ದ! ನೋಡಿ, ನೋಡಿ ಇಲ್ಲಿ! ಕೋಳಿ ಮುಟ್ಟಿಲ್ಲ, ರಮ್ಮು ಮುಟ್ಟಿಲ್ಲ. ಸಲಾಡ್ ಮಾತ್ರ ತಿಂದು ಹೋಗಿದಾನೆ!"

ಚೌಡಯ್ಯ ಅಡ್ಡಬಿದ್ದ. ಚನ್ನಕೇಶವನ ಕಣ್ಣಲ್ಲಿ ನಿಜವಾಗಿಯೂ ನೀರು ತುಂಬಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಪಾಪಮ್ಮನನ್ನು ಕಂಡು ಕೈಮುಗಿದ. "ಅತ್ತಿಗೆ, ನೀವು ಪುಣ್ಯವಂತರು. ಈ ಸಲ ಹದ ಸಿಕ್ಕಿದೆ ನಿಮ್ಗೆ. ಅಣ್ಣನೇ ಬಂದು ಮೆಚ್ಚಿದ ಅಂದ್ಮೇಲೆ ಇನ್ನೆಂತ ಬೇಕು?"

ಸುಮ್ಮನಿದ್ದರೆ ಸಾಕಿತ್ತು. ಗಂಡ ಸತ್ತ ಮೇಲೂ ಹೆಂಡತಿಯ ಕೈರುಚಿ ಹುಡುಕಿಕೊಂಡು ಬಂದ ಕಥೆ ಮೂಡಿಗೆರೆಯಿಂದ ಕಳಸದವರೆಗೆ ಹಬ್ಬುತ್ತಿತ್ತು. ನೆಂಟರಿಷ್ಟರು ಅವಳ ಕಾಲು ಮುಟ್ಟುತ್ತಿದ್ದರು. ಆದರೆ ಆ ಮೆಚ್ಚುಗೆಯೂ ಗಂಡನದೇ ಆಗುತ್ತಿತ್ತು. ಸತ್ತು ಆರು ತಿಂಗಳಾದ ಮನುಷ್ಯನ ಸರ್ಟಿಫಿಕೇಟು ಹಿಡಿದುಕೊಂಡು ಅವಳು ಉಳಿದ ಜನ್ಮ ಕಳೆಯಬೇಕಿತ್ತು.

"ಅವ್ರು ಬರ್ಲಿಲ್ಲ," ಎಂದಳು ಪಾಪಮ್ಮ. ಚಮಚ ಇನ್ನೂ ಕೈಯಲ್ಲೇ ಇತ್ತು. "ನಾನು ತಿಂದೆ."

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಚನ್ನಕೇಶವನ ಮುಖ ಕೆಂಪಗಾಯಿತು. "ಎಡೆ ಎಂಜಲು ಮಾಡಿದ್ರಾ? ತಲೆ ಕೆಟ್ಟಿದ್ಯಾ ನಿಮ್ಗೆ? ಅಣ್ಣನ ಪಾಲು ಅದು!"

"ನನ್ನ ಪಾಲನ್ನ ನಿಮ್ಮಣ್ಣ ನಾಯಿಗೆ ಹಾಕಿದ್ರಲ್ಲ, ಆವತ್ತು ನಿಮ್ಗೆ ಎಂಜಲು ಅನ್ನಿಸ್ಲಿಲ್ವಾ? ಕೂತು ನಕ್ಕಿದ್ರಿ. ಈಗ ಜಗಲೀಲಿ ಕೂತು ನನ್ನ ಮಗಳಿಗೂ ಹೇಳಿ ನಗಿಸ್ತಿದ್ರಿ. ನನ್ಗೆ ಕಿವಿ ಇಲ್ಲ ಅಂದ್ಕೊಂಡ್ರಾ?" ದನಿ ಏರಿದ್ದು ಪಾಪಮ್ಮನಿಗೇ ಗೊತ್ತಾಗುತ್ತಿತ್ತು. ಇಳಿಸುವ ಮನಸ್ಸಿರಲಿಲ್ಲ. ಒಳಗೆ ಹೋಗಿ ಮೈದುನ ತಂದ ಬಾಟಲಿಯನ್ನು ತಂದು ಅವನ ಕೈಗೆ ಕೊಟ್ಟಳು. "ನಿಮ್ಮಣ್ಣಂಗೆ ಇದನ್ನ ಇಡಿ. ಸೀಲು ಒಡ್ದಿಲ್ಲ, ಎಂಜಲಾಗಿಲ್ಲ. ಕ್ಲಬ್ಬಿನ ರುಚಿಯೂ ಹೌದು."

ಚೌಡಯ್ಯ ಮೆಲ್ಲಗೆ ಚಪ್ಪಲಿ ಹುಡುಕತೊಡಗಿದ. ಚನ್ನಕೇಶವ ಬಾಟಲಿ ಹಿಡಿದುಕೊಂಡು ಏನೋ ಹೇಳಲು ಹೋದ, ಹಿರಿಯರ ಶಾಪ ಎಂದ, ಮನೆತನ ಎಂದ. ಕೇಳಿಸಿಕೊಳ್ಳಲು ಪಾಪಮ್ಮ ಅಲ್ಲಿರಲಿಲ್ಲ. ಫ್ರಿಜ್ಜಿನಿಂದ ಉಳಿದ ಸಲಾಡಿನ ಪಾತ್ರೆ ತೆಗೆದು, ಗಂಡಸರು ಉಣ್ಣುವ ಮೇಜಿನ ನಡುವೆ ತಂದಿಟ್ಟಳು.

"ಬೇಕಾದವ್ರು ಬಡಿಸ್ಕೊಳ್ಳಿ," ಎಂದಳು. "ಚೆನ್ನಾಗಿದೆ."

ಗಂಡಸರು ಯಾರೂ ಮುಂದೆ ಬರಲಿಲ್ಲ. ನಿಖಿತಾ ಮಾತ್ರ ಕೆಂಪು ಕಣ್ಣು ಒರೆಸಿಕೊಳ್ಳುತ್ತ ಎರಡು ತಟ್ಟೆ ತಂದು ಮೇಜಿನ ಮೇಲಿಟ್ಟು, ಅಮ್ಮನ ಪಕ್ಕದ ಕುರ್ಚಿಯಲ್ಲಿ ಕೂತಳು. ಪಾಪಮ್ಮ ಮೊದಲು ತನಗೆ ಬಡಿಸಿಕೊಂಡಳು, ಆಮೇಲೆ ಮಗಳಿಗೆ ಬಡಿಸಿದಳು.